ಮಲಗಿ ಬಂದ ಮರ

ಶಾಲೆಯಲ್ಲಿ ಇರುವವರೇ ಏಳು ಮಕ್ಕಳು.
ಟೀಚರ್ ಹೆರ್ಡಿಸ್ ಚೀಟಿ ಕಳಿಸಿದ್ದಳು:
ನಿಮ್ಮ ಯೋರುನ್ ಹಾಳೆಗೆ ಮೂಗು ತಾಗಿಸಿ ಚಿತ್ರ ಬರೆಯುತ್ತಾಳೆ,
ಬೆನ್ನು ಗೂನಾಗುತ್ತದೆ.
ನಿಂತು ಬರೆಯಲಿ, ತೋಳು ಬೀಸಿ ಬರೆಯಲಿ,
ಮನೆಯಲ್ಲೊಂದು ಈಸೆಲ್ ಇದ್ದರೆ ಒಳ್ಳೆಯದು.

ಕ್ಯಾಟಲಾಗಿನಲ್ಲಿ ಇತ್ತು.
ಒಂದು ಬದಿ ಕಪ್ಪು ಹಲಗೆ, ಒಂದು ಬದಿ ಬಿಳಿ,
ಬಣ್ಣದ ಬಟ್ಟಲಿಗೆ ಗುಂಡಿಗಳು, ಪ್ಲಾಸ್ಟಿಕ್ಕಿನ ಚಿಮಟ,
ಪಕ್ಕದಲ್ಲಿ ನಗುವ ಹುಡುಗ, ಕಲೆಯಿಲ್ಲದ ಅಂಗಿ.
ಬೆಲೆ ನೋಡಿದೆ. ಮೀನು ಕಾರ್ಖಾನೆಯಲ್ಲಿ
ನನ್ನ ಮೂರು ದಿನದ ಚಳಿ ಅದು.
ಬೆಲೆ ಹಾಳಾಗಲಿ, ಘಟ್ಟದ ದಾರಿ ಹಿಮದಲ್ಲಿ ಮುಚ್ಚಿದೆ,
ಅದು ತೆರೆಯುವ ಹೊತ್ತಿಗೆ
ಇವಳು ಇನ್ನೆರಡು ಬೆರಳು ಬೆಳೆದಿರುತ್ತಾಳೆ.

ಐಸ್‌ಲ್ಯಾಂಡಿನ ಈ ಮೂಲೆಯಲ್ಲಿ ಮರ ಬೆಳೆಯುವುದಿಲ್ಲ,
ಬರುತ್ತದೆ.
ಸೈಬೀರಿಯಾದ ಯಾವುದೋ ಹೊಳೆ ಕೈಬಿಟ್ಟ ದಿಮ್ಮಿ
ಮಂಜುಗಡ್ಡೆಯ ಬೆನ್ನೇರಿ, ಐದು ವರ್ಷವೋ ಆರೋ,
ಹೊರಳಿ ಹೊರಳಿ ನಮ್ಮ ದಂಡೆಗೆ ಬಂದು
ಸೀಲ್‌ಗಳ ಪಕ್ಕ ಮಲಗುತ್ತದೆ.
ನಾನೂ ಯೋರುನ್ನೂ ಒಂದೊಂದನ್ನೇ ಬಡಿದು ನೋಡಿದೆವು,
ಬ್ರೆಡ್ಡಿನ ತಳ ಬಡಿದು ಬೆಂದಿದೆಯೇ ಎಂದು ಕೇಳುವ ಹಾಗೆ.
ಟಣ್ ಎಂದದ್ದು ಒಂದೇ.

ತಮ್ಮ ತ್ಯೊರ್ವಿ ಗರಗಸ ಕೊಟ್ಟ, ಜೊತೆಗೆ ನಗೆಯನ್ನೂ ಕೊಟ್ಟ.
"ಬಲೆ ಹೆಣೆಯುವ ಕೈ ಇದು, ಬಡಗಿಯದಲ್ಲ.
ನಾಲ್ಕು ಕಾಲಾದರೂ ಇಡು ಅಕ್ಕ."
ಇಡಲಿಲ್ಲ. ನಮ್ಮ ಅಡುಗೆಮನೆಯ ನೆಲ ನನಗೆ ಗೊತ್ತು,
ನಾಲ್ಕು ಕಾಲಿನದೆಲ್ಲ ಅಲ್ಲಿ ಒಂದು ಕಾಲೆತ್ತಿ ಜಗಳಕ್ಕೆ ನಿಲ್ಲುತ್ತದೆ.
ಮೂರು ಕಾಲಿನದು ಎಲ್ಲಿಟ್ಟರೂ ಒಪ್ಪಿಕೊಳ್ಳುತ್ತದೆ.

ಉಪ್ಪು ತಿಂದು ಗರಗಸದ ಹಲ್ಲು ಮೊಂಡಾಯಿತು.
ಒಂದು ಕಡೆ ಯಾರದೋ ಲಿಪಿಯ ಮುದ್ರೆ,
ಓದಲು ಬಾರದ್ದು. ಅದನ್ನು ಕೆರೆಯಲಿಲ್ಲ.
ಹುಳ ಕೊರೆದ ತೂತುಗಳಿದ್ದವು, ಅವನ್ನೂ ಮುಚ್ಚಲಿಲ್ಲ.
ನಾನು ಕೊರೆದದ್ದು ಬೇರೆ: ನಾಲ್ಕು ಬೆರಳಿಗೊಂದರಂತೆ
ಎರಡು ಮುಂಗಾಲಿನಲ್ಲೂ, ಹಲಗೆ ಏರಿಸಲು.
ಮೊದಲನೆಯದು ಅವಳ ಈಗಿನ ಎದೆಮಟ್ಟಕ್ಕೆ.
ಆಮೇಲೆ ಎಣಿಸದೆ ಕೊರೆಯುತ್ತ ಹೋದೆನೇನೋ,
ನಿಲ್ಲಿಸಿ ನೋಡಿದರೆ ಕೊನೆಯದು ನನ್ನ ಹಣೆ ದಾಟಿತ್ತು.
"ಹುಡುಗಿಗೋ, ರಾಕ್ಷಸಿಗೋ?" ಅಂದ ತ್ಯೊರ್ವಿ.
ಗೂಟಕ್ಕೆ, ಅಪ್ಪನ ದೋಣಿಯಲ್ಲಿ
ಹುಟ್ಟಿಗೆ ಆಸರೆಯಾಗಿದ್ದ ಎರಡನ್ನು ಕಿತ್ತು ತಂದೆ.
ದೋಣಿ ನೀರು ಕಂಡು ಹದಿನೆಂಟು ವರ್ಷ. ಕೇಳುವವರಿಲ್ಲ.
ಹುಡುಗಿಯದು ಎಡಗೈ, ಬಣ್ಣದ ತಟ್ಟೆ ಎಡಕ್ಕೆ.
ಹಾಳೆ ಎಂದರೆ ಹೋದ ವರ್ಷದ ಉಬ್ಬರವಿಳಿತದ ಪಟ್ಟಿ,
ಹಿಂಬದಿ ಖಾಲಿ.

ಕಾಫಿ ಹಿಡಿದು ಕಾದೆ, ಏನೋ ಆಗಲಿದೆ ಎಂಬಂತೆ.
ಮೊದಲ ವಾರ ಅದರ ಮೇಲೆ ಕಂಬಳಿ ಹೊದಿಸಿ
ಗುಡಾರ ಮಾಡಿಕೊಂಡಳು, ಬೆಕ್ಕಿಗೂ ಒಳಗೆ ಜಾಗ.
ಬರೆದದ್ದೆಲ್ಲ ನೆಲದಲ್ಲೇ, ಬೋರಲು ಬಿದ್ದು,
ಮೂಗು ಹಾಳೆಗೆ.

ಎರಡನೇ ಭಾನುವಾರ ಎದ್ದು ಬಂದರೆ ನಿಂತಿದ್ದಾಳೆ,
ತೋಳು ಬೀಸಿ, ಹೆರ್ಡಿಸ್ ಹೇಳಿದಂತೆಯೇ.
ಹಾಳೆಯಲ್ಲಿ ಉದ್ದಕ್ಕೂ ಅಡ್ಡಡ್ಡ ಕಂದು, ಕೆಳಗೆ ನೀಲಿ.
"ಏನದು?"
"ಮರ."
"ಮಲಗಿದೆಯಲ್ಲ?"
ಇಷ್ಟೂ ತಿಳಿಯದೇ ಎಂಬಂತೆ ನೋಡಿದಳು.
"ಮತ್ತೆ ಹೇಗೆ ಬರುತ್ತದೆ ಅದು?"

ನಮ್ಮ ಗುಡ್ಡದ ಬರ್ಚ್ ಅವಳ ಮೊಣಕಾಲಿನಷ್ಟು,
ಅದನ್ನವಳು ಪೊದೆ ಅನ್ನುತ್ತಾಳೆ.
ತಿದ್ದಲು ಬಾಯಿ ತೆರೆದೆ. ಬೇರು, ಕೊಂಬೆ, ಹಕ್ಕಿಗೂಡು
ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು.
ನುಂಗಿಕೊಂಡೆ.
ನಿಂತಿದ್ದ ಕಾಲ ಆ ಮರಕ್ಕಾದರೂ ನೆನಪಿದೆಯೋ ಇಲ್ಲವೋ.

ಒಲೆಯ ಕಾವಿಗೆ ಅದರ ಕಾಲುಗಳು ಈಗ ಒಣಗುತ್ತಿವೆ.
ರಾತ್ರಿ ಬಿರಿಯುವ ಸದ್ದು,
ಬೆಳಗ್ಗೆ ಗಂಟುಗಳ ಸುತ್ತ ಬಿಳಿಯ ಪುಡಿ.
ಯೋರುನ್ ಬೆರಳು ಒದ್ದೆ ಮಾಡಿ ಒತ್ತುತ್ತಾಳೆ, ನೆಕ್ಕುತ್ತಾಳೆ,
ಆಮೇಲೆ ಕುಂಚ ಅದ್ದುತ್ತಾಳೆ.